ಉಪ್ಪು ಹೆಚ್ಚಾಗಿದೆ

ಕೆಂಚವ್ವ ಮಗಳನ್ನು ನೋಡಲು ಭೂಮಿಯ ನೆತ್ತಿಗೆ ಹೊರಟಾಗ ಕಟ್ಟಿಕೊಂಡದ್ದು ಎಂಟು ಕಿಲೋ ಜೋಳದ ಹಿಟ್ಟು, ಒಂದು ಡಬ್ಬಿ ಗುರೆಳ್ಳು ಚಟ್ನಿಪುಡಿ ಮತ್ತು ತನ್ನ ಕರಿ ಕಂಬಳಿ. ನಾರ್ವೆಯ ವಿಮಾನ ನಿಲ್ದಾಣದಲ್ಲಿ ಹಿಟ್ಟಿನ ಚೀಲ ಬಿಚ್ಚಿಸಿದ ಅಧಿಕಾರಿಗೆ ಆಕೆ ಮಾತಿಲ್ಲದೆ ಎರಡು ಅಂಗೈ ಬಡಿದು ರೊಟ್ಟಿ ತಟ್ಟಿ ತೋರಿಸಿದಳು. ಅವನು ನಕ್ಕು ಬಿಟ್ಟುಕಳಿಸಿದ. ಆ ಎಂಟು ಕಿಲೋ ಹಿಟ್ಟು ತೀರುವಷ್ಟರಲ್ಲಿ ಒಂದು ಇಡೀ ಹಿಂಡು ತೀರಿಹೋಯಿತು. ಹಿಟ್ಟಿಗೂ ಹಿಂಡಿಗೂ ಎತ್ತಣಿಂದೆತ್ತ ನಂಟು ಎಂದು ಕೇಳಬಹುದು. ನಂಟು ಒಂದೇ ಒಂದು ಮಾತಿನದು. ಆ ಮಾತನ್ನು ಈ ಕಥೆ ಓದುತ್ತಿರುವವರ ಮನೆಯಲ್ಲೂ ಆಡುತ್ತಾರೆ.

ಮಗಳು ಡಾಕ್ಟರ್ ನೀಲಗಂಗಾ, ಜಾನುವಾರುಗಳ ಹೊಟ್ಟೆಹುಳು ಮೆದುಳುಹುಳುಗಳನ್ನು ಓದಿಕೊಂಡವಳು. ಗಜೇಂದ್ರಗಡದ ಕಡೆಯ ಕುರುಬರ ಮನೆ. ಒಂಬತ್ತು ವರ್ಷದವಳಿದ್ದಾಗ ಅಪ್ಪನ ಕುರಿಗಳಿಗೆ ತಿರುಗು ಬೇನೆ ಬಂದಿತ್ತು. ಮೆದುಳಿನಲ್ಲಿ ಹುಳು ಗೂಡು ಕಟ್ಟಿದ ಕುರಿ ಒಂದೇ ಮಗ್ಗುಲಿಗೆ ತಲೆ ವಾಲಿಸಿ, ನಿಂತಲ್ಲೇ ಸುತ್ತಿ ಸುತ್ತಿ ಬಿದ್ದು ಸಾಯುತ್ತದೆ. ಅರ್ಧ ಹಿಂಡು ಹಾಗೆ ಹೋಯಿತು. ಅಂದು ಹುಟ್ಟಿದ ಹಟ ಅವಳನ್ನು ಬೀದರಿನಲ್ಲಿ ಪಶುವೈದ್ಯ ಓದಿಸಿತು, ಆಮೇಲೆ ಊರಿಂದೂರಿಗೆ ಅಟ್ಟಿ ಕೊನೆಗೆ ರಾವ್ನೆಸ್ ಎಂಬ ಈ ಕಡಲಂಚಿಗೆ ತಂದು ಹಾಕಿತು. ಇಲ್ಲಿ ಹದಿನಾಲ್ಕು ದೇಶಗಳು ಸೇರಿ ನಡೆಸುವ ಒಕ್ಕೂಟದ ಕೇಂದ್ರವಿದೆ. ಧ್ರುವದ ಪ್ರಾಣಿಗಳಿಗೆ ಬರುವ ಹುಳು, ಉಣ್ಣಿ, ಜ್ವರ, ಎಲ್ಲದರ ಮೇಲೂ ಕಣ್ಣಿಡುವುದು ಅದರ ಕೆಲಸ. ಮದುವೆ ಗಿದುವೆ ಎಂದು ತಲೆ ಕೆಡಿಸಿಕೊಳ್ಳದೆ ಹದಿನೆಂಟು ವರ್ಷ ಪರದೇಶದಲ್ಲಿ ಕಳೆದವಳಿಗೆ ಈಗ ನಲವತ್ತಮೂರು. ಊರಲ್ಲಿ ಮಗ, ಸೊಸೆ, ಮೊಮ್ಮಕ್ಕಳ ನಡುವೆ ಸುಖವಾಗಿದ್ದ ಕೆಂಚವ್ವ, "ಒಂದ್ಸಲ ಆಕಿ ಏನ ಉಣ್ತಾಳ ನೋಡಿ ಬರ್ತೀನಿ" ಎಂದು ಮೂರು ತಿಂಗಳಿಗೆ ಬಂದಿದ್ದಳು.

ಒಕ್ಕೂಟದ ಹೆಮ್ಮೆಯೆಂದರೆ ದುಭಾಷಿ. ಅದಕ್ಕೆ ದೊಡ್ಡ ಇಂಗ್ಲಿಷ್ ಹೆಸರೊಂದಿತ್ತು, ದುಭಾಷಿ ಎಂದು ಕರೆದವಳು ನೀಲಗಂಗಾ. ಬಿಲ್ಲೆಯಷ್ಟು ಅಗಲದ ಯಂತ್ರ. ಕೋಟಿನ ಎದೆಗೆ ಸಿಕ್ಕಿಸಿಕೊಳ್ಳುವುದು. ಮೊದಲೆಲ್ಲ ಹಿಮದಲ್ಲಿ ಕೈಗವಸು ತೆಗೆದು ಬರೆಯಲಾಗದೆ ಎಷ್ಟೋ ಸಂಗತಿಗಳು ಬರೆಯದೆಯೇ ಹೋಗುತ್ತಿದ್ದವು. ಬರೆದದ್ದು ಇನ್ನೊಂದು ದೇಶದವರಿಗೆ ತಲುಪಿ ಅರ್ಥವಾಗುವಷ್ಟರಲ್ಲಿ ಪ್ರಾಣಿ ಸತ್ತಿರುತ್ತಿತ್ತು. ದುಭಾಷಿ ಬಂದ ಮೇಲೆ ಬರೆಯುವ ಪಾಡಿಲ್ಲ. ವಿಜ್ಞಾನಿಯಾಗಲಿ, ಸಾರಂಗ ಕಾಯುವವರಾಗಲಿ, ತಂತಮ್ಮ ತಾಯ್ನುಡಿಯಲ್ಲಿ ಆಡಿದ್ದನ್ನು ಅದು ಕೇಳಿ, ತಿಳಿದು, ಎದುರಿನವರ ನುಡಿಯಲ್ಲಿ ಆಡಿ, ವರದಿ ಮಾಡಿ ಎಲ್ಲ ಕೇಂದ್ರಗಳಿಗೂ ಕಳಿಸುತ್ತಿತ್ತು. ಯಾವ ಹಡಗು ಎಲ್ಲಿಗೆ ಹೋಗಬೇಕು, ಯಾವ ಔಷಧ ಯಾರಿಗೆ ಎಂಬ ಯೋಜನೆಯೂ ಆ ವರದಿಗಳಿಂದಲೇ ತಯಾರಾಗುತ್ತಿತ್ತು. ಮಾತು ಅನುಮಾನವೆನಿಸಿದರೆ ಹಳದಿ ದೀಪ ಹಚ್ಚಿ ಮರಳಿ ಕೇಳುತ್ತಿತ್ತು. ತಿಳಿದರೆ ಹಸಿರು ದೀಪ.

ಆ ಯಂತ್ರಕ್ಕೆ ಕನ್ನಡ ಕಲಿಸಿದವಳೂ ನೀಲಗಂಗಾಳೇ. ನಲವತ್ತು ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಇಡೀ ಒಕ್ಕೂಟದಲ್ಲಿ ಕನ್ನಡದವಳು ಅವಳೊಬ್ಬಳು. ಒಬ್ಬಳಿಗಾಗಿ ಒಂದು ಭಾಷೆಯೇ ಎಂದು ಸಭೆಯಲ್ಲಿ ಯಾರೋ ಗೊಣಗಿದಾಗ ಜಗಳಕ್ಕೇ ನಿಂತಿದ್ದಳು. ನಾಲ್ಕು ವರ್ಷದ ಹಿಂದೆ ಒಂದು ಇಡೀ ಚಳಿಗಾಲ ಕೂತು ನಲವತ್ತು ಸಾವಿರ ವಾಕ್ಯಗಳಿಗೆ ಅರ್ಥ ಬರೆದುಕೊಟ್ಟಳು. ಕೊನೆಯಲ್ಲಿ ಇನ್ನೂರ ಹನ್ನೆರಡು ವಾಕ್ಯಗಳ ಒಂದು ಚಿಕ್ಕ ಕಟ್ಟು ಉಳಿಯಿತು. ಮೇಲೆ 'ಮನೆಮಾತು, ಶುಭನುಡಿ' ಎಂದಿತ್ತು. ಸುಸ್ತಾಗಿತ್ತು. ಹಿಮದಲ್ಲಿ ಸಾರಂಗದ ಹಿಕ್ಕೆ ಹೆಕ್ಕುವವರು ಅಡುಗೆಮನೆಯ ಮಾತು ಏಕೆ ಆಡುತ್ತಾರೆ? 'ಈ ಕೆಲಸಕ್ಕೆ ಬೇಕಿಲ್ಲ' ಎಂದು ಗುರುತು ಹಾಕಿ ಚಹಾ ಕುಡಿಯಲು ಎದ್ದಳು.

ಕೆಂಚವ್ವ ಬಂದ ನಾಲ್ಕನೆಯ ದಿನ ಅಡುಗೆಮನೆಯಿಂದ ಕೂಗಿದಳು. "ನೀಲಾ, ಎಣ್ಣಿ ಹೆಚ್ಚಾಗೈತಿ, ಬರೂವಾಗ ತಗೊಂಬಾ."

ನೀಲಗಂಗಾ ಬಂದು ಬಾಟಲಿ ಎತ್ತಿ ನೋಡಿದಳು. "ಎಲ್ಲಿ ಹೆಚ್ಚಾಗೈತಿ? ತಳಾ ಕಾಣಾಕತ್ತೈತಲ್ಲಬೇ."

ಕೆಂಚವ್ವ ಮಗಳ ಮುಖವನ್ನೇ ನೋಡಿದಳು. "ಅದ ಮತ್ತ. ಹೆಚ್ಚಾಗೈತಿ. ಇಲ್ಲ ಅಂತಾರೇನ ಎಣ್ಣಿಗೆ? ಏನ ಮರತಿ ನೀ, ಎಣ್ಣಿ ಉಪ್ಪು ಅರಿಷಿಣಕ್ಕ ಇಲ್ಲ ಅನಬಾರದು ಅಂತ ನಿನಗ ಹೇಳಿಕೊಟ್ಟಿಲ್ಲೇನ?"

ನೀಲಗಂಗಾ ನಕ್ಕುಬಿಟ್ಟಳು. ಎಷ್ಟು ವರ್ಷವಾಗಿತ್ತು ಆ ಮಾತು ಕೇಳಿ. ಬಳೆ ಒಡೆದರೆ ಹೆಚ್ಚಿತು, ಅಕ್ಕಿ ತೀರಿದರೆ ಹೆಚ್ಚಾಯಿತು. ಮನೆಯಲ್ಲಿ ಇಲ್ಲ ಎನ್ನುವ ಮಾತೇ ಇಲ್ಲ. ಅವಳಿಗೆ ಒಂದು ಬಗೆಯ ಸುಖವಾಯಿತು. ಮೂರು ವಾರ ಕಳೆಯುವಷ್ಟರಲ್ಲಿ ಇಂಗ್ಲಿಷು ಹಿಡಿದಿದ್ದ ಜಾಗದಲ್ಲೆಲ್ಲ ಅವ್ವನ ಮಾತು ಬಂದು ಕೂತಿತು. ಹಾಲು ತೀರಿದರೆ ಅವಳೂ ಹೆಚ್ಚಾಗೈತಿ ಎನ್ನತೊಡಗಿದಳು. ತನಗೇ ಮೊದಲ ಸಲ ತಿಳಿಯದ ಮಾತು ತಾನು ಕಲಿಸಿದ ಯಂತ್ರಕ್ಕೆ ತಿಳಿಯುವುದೇ ಎಂದು ಆಗ ಒಂದು ಸಲ ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಮನೆಯಲ್ಲಿ ಅವಳು ದುಭಾಷಿಯನ್ನು ಬಿಚ್ಚಿ ಗೂಟಕ್ಕೆ ಹಾಕಿರುತ್ತಿದ್ದಳು.

ಬೇನೆಯನ್ನು ಮೊದಲು ಕಂಡವಳೂ ಕೆಂಚವ್ವನೇ. ಆಗಸ್ಟಿನ ಒಂದು ಬೆಳಿಗ್ಗೆ ಕಿಟಕಿಯಲ್ಲಿ ನಿಂತು ಚಹಾ ಕುಡಿಯುತ್ತಿದ್ದವಳು ಬಸಿ ಕೆಳಗಿಟ್ಟು, "ನೀಲಾ, ಬಾಯಿಲ್ಲೆ. ಆ ದೊಡ್ಡ ಕ್ವಾಡಿಂದಕ್ಕ ತಿರುಗು ಬ್ಯಾನಿ ಆಗೈತಿ ನೋಡು" ಎಂದಳು.

ಗುಡ್ಡದ ಬುಡದಲ್ಲಿ ಒಂದು ಹಿಮಸಾರಂಗ ಎಡಕ್ಕೆ ತಲೆ ವಾಲಿಸಿ ಸುತ್ತುತ್ತಿತ್ತು. ಒಂಬತ್ತು ವರ್ಷದವಳಿದ್ದಾಗ ಕಂಡದ್ದೇ ಅದು, ನೀಲಗಂಗಾ ಗೂಟದಿಂದ ದುಭಾಷಿಯನ್ನು ತೆಗೆದು ಎದೆಗೆ ಸಿಕ್ಕಿಸಿಕೊಂಡು ಗುಡ್ಡದತ್ತ ಓಡಿದಳು.

ಹುಳು ಬೇರೆ. ಊರಿನ ಕುರಿಯ ಹುಳುವಿನ ಕುಲದ್ದಲ್ಲ, ಆದರೆ ಮಾಡುವುದು ಅದನ್ನೇ. ಅದರ ಮರಿ ಬೆಳೆಯುವುದು ಚಿಪ್ಪಿಲ್ಲದ ಬಸವನಹುಳುವಿನ ಮೈಯಲ್ಲಿ. ಮೊದಲು ಬೇಸಿಗೆ ಗಿಡ್ಡವಿತ್ತು, ಮರಿ ಬೆಳೆಯುವ ಮುನ್ನ ಹಿಮ ಬೀಳುತ್ತಿತ್ತು, ಸಾರಂಗಗಳು ಉಳಿಯುತ್ತಿದ್ದವು. ಈಗ ಭೂಮಿ ಕಾದು ಬೇಸಿಗೆ ಉದ್ದವಾಗಿದೆ. ಮರಿ ಪೂರ್ತಿ ಬೆಳೆದು, ಸಾರಂಗ ಮೇಯುವ ಕಲ್ಲುಹೂವಿನ ಜೊತೆ ಹೊಟ್ಟೆ ಸೇರಿ, ಮಾಂಸದೊಳಗಿಂದ ತೆವಳಿ ಮೆದುಳು ಮುಟ್ಟುತ್ತದೆ. ಒಮ್ಮೆ ಮೆದುಳು ಮುಟ್ಟಿದರೆ ಮುಗಿಯಿತು. ಅದಕ್ಕೂ ಮೊದಲು ಔಷಧ ಬೀಳಬೇಕು. ಒಕ್ಕೂಟದ ವಿಜ್ಞಾನಿಗಳು ಔಷಧವನ್ನು ಉಪ್ಪಿನ ಗಡ್ಡೆಗಳಲ್ಲಿ ಕಲೆಸಿದ್ದರು. ಸಾರಂಗಕ್ಕೆ ಉಪ್ಪೆಂದರೆ ಪ್ರಾಣ, ಹಿಡಿದು ಕುಡಿಸುವ ಗೋಜಿಲ್ಲ, ತಾವೇ ಬಂದು ನೆಕ್ಕುತ್ತವೆ. ಎರಡು ಸರದಿ ಕೊಡಬೇಕು. ಮೊದಲನೆಯದು ದೊಡ್ಡ ಹುಳುಗಳನ್ನು ಕೊಲ್ಲುತ್ತದೆ, ದಾರಿಯಲ್ಲಿರುವ ಮರಿಗಳು ತಪ್ಪಿಸಿಕೊಳ್ಳುತ್ತವೆ. ಇಪ್ಪತ್ತನಾಲ್ಕು ದಿನದೊಳಗೆ ಎರಡನೆಯದು ಬೀಳದಿದ್ದರೆ ಮೊದಲನೆಯದು ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತೆ.

ಹಿಂಡು ಬಿರೆತ್‌ಳದು. ಅಲ್ಲಿಯ ಮೂಲನಿವಾಸಿಗಳಾದ ಸಾಮಿ ಜನದ ಅರವತ್ತು ದಾಟಿದ ಹೆಂಗಸು, ಅವಳ ಅಜ್ಜಿಯ ಅಜ್ಜಿಯ ಕಾಲದಿಂದ ಆ ಗುಡ್ಡಗಳಲ್ಲಿ ಸಾರಂಗ ಕಾಯುತ್ತ ಬಂದ ಮನೆತನ. ಮೊದಲ ಭೇಟಿಯಲ್ಲೇ ನೀಲಗಂಗಾ, ಎಷ್ಟಿವೆ ಎಂದು ಕೇಳಲಿಲ್ಲ. ಆ ಜನರಲ್ಲಿ ಹಾಗೆ ಕೇಳುವುದು ಒರಟುತನ, ಹೇಳುವುದು ಅಪಶಕುನ. ಬಿರೆತ್ ತಾನೇ, "ಒಂದಿಷ್ಟು ಇವೆ" ಎಂದಳು. ದುಭಾಷಿ ಅದನ್ನು 'ಕೆಲವೇ' ಎಂದು ಬರೆದುಕೊಂಡಿತ್ತು. ನೀಲಗಂಗಾ ಅಂದೇ ಅದನ್ನು ತಿದ್ದಿದಳು. ಅಪ್ಪನೂ ಯಾರಾದರೂ ಕುರಿ ಎಷ್ಟೆಂದು ಕೇಳಿದರೆ "ಅದಾವ್ರೀ ಒಂದೀಟು" ಎಂದು ಆಕಾಶ ನೋಡುತ್ತಿದ್ದ. ಮೇಲಿಂದ ತೆಗೆದ ಚಿತ್ರಗಳಲ್ಲಿ ಎಣಿಸಿದ ಲೆಕ್ಕ ಅವಳ ಬಳಿ ಇತ್ತು, ಸಾವಿರದ ನೂರ ನಲವತ್ತು. ಬಿರೆತ್ ಎದುರು ಅವಳು ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಒಕ್ಕೂಟದಲ್ಲಿ ಅವಳ ಈ ಸೂಕ್ಷ್ಮವನ್ನು ಮೆಚ್ಚಿ ಒಂದು ಭಾಷಣವನ್ನೇ ಮಾಡಿದ್ದರು. ಪರರ ಮನೆಯ ಮಾತಿಗೆ ಅಷ್ಟು ಕಿವಿಗೊಟ್ಟವಳು ತನ್ನ ಮನೆಯ ಮಾತನ್ನು ಮಾತ್ರ ಚಹಾದ ಹೊತ್ತಿಗೆ ಪಕ್ಕಕ್ಕಿಟ್ಟಿದ್ದಳು.

"ಎರಡೂ ಸರದಿ ಸಿಗುತ್ತದೆಯೇ?" ಎಂದು ಬಿರೆತ್ ಕೇಳಿದ್ದಳು. ಅವಳ ಮಾತು ದುಭಾಷಿಯೊಳಗಿಂದ ಪುಸ್ತಕದ ಕನ್ನಡವಾಗಿ ಬರುತ್ತಿತ್ತು. ಕೆಂಚವ್ವ ಆ ದನಿಗೆ ಕನ್ನಡ ಸಾಲಿ ಮಾಸ್ತರ ಎಂದು ಹೆಸರಿಟ್ಟಿದ್ದಳು.

"ಸಿಗುತ್ತದೆ. ಎರಡನೆಯದು ಹಡಗಿನಲ್ಲಿ ಬರುತ್ತದೆ. ಇದು ನನ್ನ ಮಾತು" ಎಂದಿದ್ದಳು ನೀಲಗಂಗಾ.

ಮೊದಲ ಸರದಿಯ ದಿನ ಕೆಂಚವ್ವ ತಾನೂ ಬರುತ್ತೇನೆಂದು ಹಟ ಹಿಡಿದಳು. ಕಂಬಳಿ ಹೊದ್ದು, ಮಗಳ ದೊಡ್ಡ ಬೂಟು ಹಾಕಿಕೊಂಡು ಗುಡ್ಡ ಹತ್ತಿದಳು. ಅವಳನ್ನು ಕಂಡು ಬಿರೆತ್, ಆ ಕಂಬಳಿಯ ಅಂಚು ಹಿಡಿದು, ಬೆರಳಲ್ಲಿ ಉಜ್ಜಿ, ತಲೆದೂಗಿದಳು. ಉಣ್ಣೆ ತಿಳಿದವರಿಗೆ ಮಾಸ್ತರ ಬೇಕಾಗುವುದಿಲ್ಲ. ಇಬ್ಬರೂ ಸೇರಿ ಗಡ್ಡೆಗಳನ್ನು ಕಲ್ಲಿನ ಮೇಲೆ ಇಡುತ್ತ ಹೋದರು. ಸಾರಂಗಗಳು ಮೂಸುತ್ತ ಬಂದವು, ನೆಕ್ಕಿದವು. ಅಂದುಕೊಂಡದ್ದಕ್ಕಿಂತ ವೇಗವಾಗಿ ನೆಕ್ಕಿದವು. ಮೂರು ಗಂಟೆಯ ಹೊತ್ತಿಗೆ ಕೊನೆಯ ಚೀಲ ಕೊಡವಿದ್ದಾಯಿತು. ಗಾಳಿ ಎದ್ದಿತ್ತು.

"ಇನ್ನ ಉಪ್ಪು ಐತೇನ, ನೀಲಾ?" ಕೆಂಚವ್ವ ದೂರದ ಬಂಡೆಯಿಂದ ಕೂಗಿದಳು.

"ಉಪ್ಪು ಹೆಚ್ಚಾಗೈತಬೇ. ಎಲ್ಲಾ ಕಡೆ ಹೆಚ್ಚಾಗೈತಿ. ನಡಿ, ಮನಿಗೆ ಹೋಗೂಣು."

ಎದೆಯ ಮೇಲೆ ಹಸಿರು ದೀಪ ಹತ್ತಿತು. ನೀಲಗಂಗಾ ಅದನ್ನು ನೋಡಿದಳು ಕೂಡ. ಉಪ್ಪು ಮುಗಿದ ಸಂಗತಿ ದಾಖಲಾಯಿತು, ಇನ್ನು ಬೇರೆ ಹೇಳಬೇಕಿಲ್ಲ ಎಂದುಕೊಂಡಳು. ಎರಡು ಸಲ ಹೇಳುವುದು ತಪ್ಪಲಿ ಎಂದೇ ಅಲ್ಲವೇ ದುಭಾಷಿ ಇದ್ದದ್ದು. ಚಳಿಗೆ ಅವ್ವನ ತುಟಿ ನೀಲಿಯಾಗಿತ್ತು, ಬೇಗ ಕೆಳಗಿಳಿಸಬೇಕಿತ್ತು. ಯಂತ್ರಕ್ಕೆ ಅನುಮಾನವೇನೂ ಬರಲಿಲ್ಲ. ವಾಕ್ಯ ಚೊಕ್ಕವಾಗಿತ್ತು, ವ್ಯಾಕರಣ ಸರಿಯಿತ್ತು, ಆಡಿದವಳು ಕೇಂದ್ರದ ಮುಖ್ಯ ವೈದ್ಯೆ.

ಆಮೇಲಿನ ಹದಿನೇಳು ದಿನ ನೆಮ್ಮದಿಯವು. ದಿನದ ವರದಿ ನಲವತ್ತು ಪುಟ ಬರುತ್ತಿತ್ತು, ಅವಳು ತನ್ನ ಪ್ರಯೋಗಾಲಯದ ಪುಟಗಳನ್ನಷ್ಟೇ ನೋಡುತ್ತಿದ್ದಳು. ಸಾರಂಗಗಳ ಹಿಕ್ಕೆಯಲ್ಲಿ ಮರಿಹುಳುಗಳು ಕಡಿಮೆಯಾಗಿದ್ದವು. ಬಿರೆತ್ ಒಂದು ಸಂಜೆ ಮನೆಗೆ ಬಂದಳು. ಕೆಂಚವ್ವ ರೊಟ್ಟಿ ತಟ್ಟಿ ಬಡಿಸಿದಳು. ಬಿರೆತ್ ಒಣಮಾಂಸ ತಂದಿದ್ದಳು. ಊಟದ ನಂತರ ಇಬ್ಬರು ಮುದುಕಿಯರೂ ಕುರಿಯ ಕಿವಿ, ಸಾರಂಗದ ಕಿವಿ ಕುರಿತು ಮಾತಿಗಿಳಿದರು. ಎರಡೂ ಕಡೆ ಯಾರದು ಯಾವುದು ಎಂದು ತಿಳಿಯಲು ಕಿವಿಗೆ ಗುರುತು ಕತ್ತರಿಸುತ್ತಾರೆ. ಬಿರೆತ್ ಕಾಗದದ ಮೇಲೆ ತನ್ನ ಮನೆತನದ ಗುರುತು ಬರೆದು ತೋರಿಸಿದಳು, ಎಡಗಿವಿಗೆ ಎರಡು ಕಚ್ಚು, ಬಲಗಿವಿಗೆ ಒಂದು ಓರೆ. ಕೆಂಚವ್ವ ಆ ಕಾಗದವನ್ನು ಮಡಿಚಿ ತನ್ನ ಸಂಚಿಯಲ್ಲಿ ಇಟ್ಟುಕೊಂಡಳು.

ಹದಿನೆಂಟನೆಯ ದಿನ ಹಡಗು ಬರಬೇಕಿತ್ತು. ಬರಲಿಲ್ಲ. ಮಂಜು ಇದೆ, ತಡವಾಗಿರಬಹುದು ಎಂದು ನೀಲಗಂಗಾ ನಿಯಂತ್ರಣ ಕೊಠಡಿಗೆ ಹೋದಳು. ಅಲ್ಲಿ ಸಾಗಾಟ ನೋಡಿಕೊಳ್ಳುತ್ತಿದ್ದವನು ಯಾನುಷ್, ಪೋಲೆಂಡಿನವನು, ಮಿತಭಾಷಿ. ಗೋಡೆಯ ಪರದೆಯ ಮೇಲೆ ಆ ಹೊತ್ತಿಗೇ ಒಂದು ಮುಖ ನಗುತ್ತಿತ್ತು. ಅದು ಗ್ರೀನ್‌ಲ್ಯಾಂಡಿನ ಕೇಂದ್ರದ ಡಾಕ್ಟರ್ ಅಮಾಲಿಯಾಳದು.

"ನೀಲಾ, ನಿಮ್ಮನ್ನೇ ಹುಡುಕುತ್ತಿದ್ದೆ" ಎಂದಿತು ಅವಳ ಮಾತಿನ ಕನ್ನಡ. "ನಿಮ್ಮ ಪಾಲಿನ ಉಪ್ಪು ನಮಗೆ ತಲುಪಿತು. ಐದು ದಿನದ ಹಿಂದೆಯೇ ಇಟ್ಟೆವು. ಇದೇ ಹುಳು ಹತ್ತಿದ ನಮ್ಮ ಕಸ್ತೂರಿ ಎತ್ತುಗಳು ಇವತ್ತಿಗೆ ಕಲ್ಲನ್ನೂ ಬಿಡದೆ ನೆಕ್ಕಿ ಮುಗಿಸಿವೆ. ನಿಮ್ಮಲ್ಲಿ ಹೆಚ್ಚಾಗಿದ್ದರೂ ಎಲ್ಲರೂ ಹೀಗೆ ಬಿಟ್ಟುಕೊಡುವುದಿಲ್ಲ. ನಮ್ಮ ಜನ ನಿಮ್ಮ ಹೆಸರು ಹೇಳಿ ಹಾಡು ಕಟ್ಟಿದ್ದಾರೆ."

ನೀಲಗಂಗಾಳಿಗೆ ಮೊದಲು ಏನೂ ತಿಳಿಯಲಿಲ್ಲ. ಹೆಚ್ಚಾಗಿದ್ದರೂ ಎಂಬ ಒಂದು ಶಬ್ದ ಕಿವಿಯಲ್ಲಿ ನಿಂತಿತು. ಪರದೆಯಿಂದ ಈಚೆ ತಿರುಗಿದಳು.

"ಯಾನುಷ್, ನಮ್ಮ ಹಡಗನ್ನು ಯಾರು ತಿರುಗಿಸಿದ್ದು?"

"ಯೋಜನೆ ತಿರುಗಿಸಿತು. ಒಪ್ಪಿಗೆ ಒತ್ತಿದವನು ನಾನು" ಎಂದ ಯಾನುಷ್. "ರಾವ್ನೆಸ್‌ನಲ್ಲಿ ಉಪ್ಪು ಹೆಚ್ಚುವರಿ ಇದೆ, ಎಲ್ಲ ಸ್ಥಳಗಳಲ್ಲೂ, ಎಂದು ನಿಮ್ಮದೇ ವರದಿ. ನೀವು ಹೇಳಿದ್ದನ್ನು ನಾನು ಎರಡನೇ ಸಲ ಕೇಳುವುದಿಲ್ಲ. ಯಾವಾಗಲೂ ಕೇಳಿಲ್ಲ."

ಅವನು ದುಭಾಷಿ ಉಳಿಸಿಟ್ಟಿದ್ದ ಆ ದಿನದ ದನಿ ಹಾಕಿದ. ಗಾಳಿಯ ಸದ್ದು. ದೂರದಿಂದ ಅವ್ವನ ಕೂಗು. ಆಮೇಲೆ ತನ್ನದೇ ಗಂಟಲು, ಹುಡುಗಿಯಾಗಿದ್ದಾಗ ಇದ್ದಂಥ ಹಗುರ ಗಂಟಲು: ಉಪ್ಪು ಹೆಚ್ಚಾಗೈತಬೇ. ಎಲ್ಲಾ ಕಡೆ ಹೆಚ್ಚಾಗೈತಿ.

"ಇದರಲ್ಲಿ ತಪ್ಪೇನು?" ಯಾನುಷ್ ಕೇಳಿದ. "ಹೆಚ್ಚಾಗಿದೆ ಎಂದೇ ಅಲ್ಲವೇ ಹೇಳಿದ್ದು?"

"ಇಲ್ಲ ಅಂತ ಹೇಳಿದ್ದು" ಎಂದಳು ನೀಲಗಂಗಾ. "ನಮ್ಮಲ್ಲಿ ಇಲ್ಲ ಎನ್ನಬಾರದು. ಅದಕ್ಕೆ ಹಾಗೆ ಹೇಳುತ್ತೇವೆ."

ಅವನು ಆ ದನಿಯನ್ನು ಇನ್ನೊಮ್ಮೆ ಹಾಕಿ ಕೇಳಿ, ನಿಲ್ಲಿಸಿದ. "ಇಂಥವು ಇನ್ನೂ ಇವೆಯೇ ನಿಮ್ಮ ಭಾಷೆಯಲ್ಲಿ?"

"ದೀಪ ಆರಿಸುವುದಕ್ಕೆ ದೊಡ್ಡದು ಮಾಡು ಎನ್ನುತ್ತೇವೆ. ಬಳೆ ಒಡೆದರೆ ಹೆಚ್ಚಿತು ಎನ್ನುತ್ತೇವೆ. ಮನೆ ಬಿಟ್ಟು ಹೋಗುವಾಗ, ಬರುತ್ತೇನೆ ಎನ್ನುತ್ತೇವೆ." ಅವಳು ಎದೆಯ ಬಿಲ್ಲೆಯತ್ತ ಬೆರಳು ತೋರಿಸಿದಳು. "ಇನ್ನೂರ ಹನ್ನೆರಡು ಇದ್ದವು, ಯಾನುಷ್. ನಾನೇ ಬೇಡ ಅಂದಿದ್ದೆ."

ಉಳಿದದ್ದು ಆರು ದಿನ. ಮಾಡಬಹುದಾದ್ದನ್ನೆಲ್ಲ ಮಾಡಿದರು. ವಿಮಾನ ಕೇಳಿದರು, ಆ ವಾರ ಕಡಲ ಮೇಲೆ ಬಿರುಗಾಳಿ, ಯಾವುದೂ ಏಳಲಿಲ್ಲ. ಔಷಧ ತಯಾರಾಗುತ್ತಿದ್ದ ಊರಿಗೆ ಹೇಳಿಕಳಿಸಿದರು. ಹೊಸ ಗಡ್ಡೆಗಳಿಗೆ ಎರಡು ವಾರ ಬೇಕು ಎಂದರು. ಅಮಾಲಿಯಾ ಅಳುತ್ತಲೇ ತನ್ನ ಕೇಂದ್ರವನ್ನೆಲ್ಲ ಜಾಲಾಡಿ ಹನ್ನೊಂದು ಗಡ್ಡೆ ಹುಡುಕಿದಳು. ಅವು ಕಳಿಸಿದರೂ ಹತ್ತು ದಿನದ ದಾರಿ. ಎರಡನೆಯ ಸರದಿ ಕೊನೆಗೆ ಬಂದದ್ದು ಮೂವತ್ತೊಂಬತ್ತನೆಯ ದಿನ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು.

ಅಷ್ಟರಲ್ಲಿ ಸಾರಂಗಗಳು ತಿರುಗಲು ಶುರುವಾಗಿದ್ದವು. ಮೊದಲು ಒಂದೆರಡು, ಆಮೇಲೆ ದಿನಕ್ಕೆ ಇಪ್ಪತ್ತು ಮೂವತ್ತು. ಹೊಸ ಹಿಮ ಬಿದ್ದಿತ್ತು. ಹೆಲಿಕಾಪ್ಟರಿನಿಂದ ನೋಡಿದರೆ ಬಿಳಿ ನೆಲದ ಮೇಲೆ ಕಣದಲ್ಲಿ ಎತ್ತು ತುಳಿಸಿದಂತೆ ದುಂಡನೆಯ ಗುರುತುಗಳು, ಒಂದೊಂದರ ನಡುವೆ ಒಂದೊಂದು ಬಿದ್ದ ಸಾರಂಗ. ನೀಲಗಂಗಾ ಇಳಿದು, ಪ್ರತಿಯೊಂದರ ಮೆದುಳಿನ ಚೂರು ತೆಗೆದು ಸೀಸೆಗೆ ಹಾಕಿದಳು. ದುಭಾಷಿಯ ಎದುರು ಆ ದಿನಗಳಲ್ಲಿ ಅವಳು ಒಂದು ಮಾತನ್ನೂ ಕನ್ನಡದಲ್ಲಿ ಆಡಲಿಲ್ಲ.

ಬಿರೆತ್‌ಗೆ ಹಡಗು ತಪ್ಪಿದ ಕಾರಣ ಹೇಳಲು ಹೋದಾಗ ಕೆಂಚವ್ವನೂ ಜೊತೆಗೆ ಬಂದಳು. ಬರಬೇಡವೆಂದರೂ ಬಂದಳು. ಬಿರೆತ್‌ಳ ಅಡುಗೆಮನೆಯಲ್ಲಿ ಕಾಫಿ ಕುದಿಯುತ್ತಿತ್ತು. ನೀಲಗಂಗಾ ಬಿಲ್ಲೆಯನ್ನು ಬಿಚ್ಚಿ ಮೇಜಿನ ಮೇಲಿಟ್ಟು, ಅದರೆದುರು ಮತ್ತೆ ಮೊದಲ ಸಲ ಕನ್ನಡದಲ್ಲಿ, ಒಂದೊಂದೇ ಮಾತನ್ನು ಬಿಡಿಸಿ ಬಿಡಿಸಿ, ನಡೆದದ್ದನ್ನು ನಡೆದಂತೆ ಹೇಳಿದಳು. ತಾನು ಬೇಡವೆಂದು ಪಕ್ಕಕ್ಕಿಟ್ಟ ಕಟ್ಟಿನ ಸಂಗತಿಯನ್ನೂ ಬಿಡಲಿಲ್ಲ. ಕೆಂಚವ್ವ ಬಾಗಿಲ ಬಳಿ ಕಂಬಳಿ ಹೊದ್ದು ಕೂತು ಕೇಳುತ್ತಿದ್ದಳು. ಇಷ್ಟು ದಿನ ಅವಳಿಗೆ ಹಡಗು ತಪ್ಪಿತು ಎಂದಷ್ಟೇ ಗೊತ್ತಿತ್ತು.

"ಉಪ್ಪು ಇಲ್ಲ ಎಂದು ಏಕೆ ಹೇಳಬಾರದು ನಿಮ್ಮಲ್ಲಿ?" ಬಿರೆತ್ ಕೇಳಿದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಎಷ್ಟೋ ವಾಸಿಯಿತ್ತು.

"ಇಲ್ಲ ಎಂದರೆ ಇಲ್ಲವೇ ಆಗಿಬಿಡುತ್ತದೆ ಎಂಬ ಭಯ" ಎಂದಳು ನೀಲಗಂಗಾ.

ಬಿರೆತ್ ತಲೆಯಾಡಿಸಿದಳು. "ನಾವು ಎಣಿಸದೆ ಇರುವುದೂ ಅದೇ ಭಯಕ್ಕೆ. ಎಣಿಸಿದರೆ ಕಡಿಮೆಯಾಗುತ್ತವೆ ಎಂದು." ಕಾಫಿಯನ್ನು ಮೂರು ಲೋಟಕ್ಕೆ ಸುರಿದಳು. ಯಾರೂ ಮುಟ್ಟಲಿಲ್ಲ.

"ನನ್ನ ಮಾತು ಅಂದಿದ್ದೆ ನಾನು" ಎಂದಳು ನೀಲಗಂಗಾ.

"ಹೌದು" ಎಂದಳು ಬಿರೆತ್. "ಅಂದಿದ್ದಿರಿ."

ದಾರಿಯುದ್ದಕ್ಕೂ ಕೆಂಚವ್ವ ಮುಂದೆ ಮುಂದೆ ನಡೆದಳು. ಮನೆ ಹತ್ತಿರ ಬಂದಾಗ ನಿಂತಳು.

"ನಾ ಕೇಳಲಾರದ ಇದ್ದಿದ್ರ?"

"ನೀ ಏನ ಮಾಡಿಲ್ಲಬೇ. ನಾ ಹೇಳಿದ್ದು."

"ನಾ ಕೇಳಿದ್ದಕ್ಕ ನೀ ಹೇಳಿದಿ. ಆ ಮಾತ ನಿನಗ ಕಲಿಸಿದಾಕಿನೂ ನಾನ." ಕೆಂಚವ್ವ ಕಂಬಳಿಯ ತುದಿಯಿಂದ ಕಣ್ಣೊರೆಸಿಕೊಂಡಳು. "ನಿಮ್ಮಪ್ಪನ ಕುರಿ ಸತ್ತಾಗ ದೇವರ ಮ್ಯಾಲೆ ಹಾಕಿ ಅತ್ತಿದ್ವಿ. ಈಗ ಯಾರ ಮ್ಯಾಲೆ ಹಾಕೂದು?"

ನೀಲಗಂಗಾ ಅವ್ವನ ತೋಳು ಹಿಡಿದು ಮನೆಯೊಳಗೆ ಕರೆದೊಯ್ದಳು.

ಒಕ್ಕೂಟದ ನಿಯಮ ಹದಿನಾಲ್ಕು ದೇಶಗಳೂ, ಸಾರಂಗ ಕಾಯುವವರೂ ಕೂಡಿ ಬರೆದದ್ದು. ಗಡುವಿನೊಳಗೆ ಎರಡು ಸರದಿ ಔಷಧ ಬೀಳದ ಹಿಂಡಿನಲ್ಲಿ ಬದುಕುಳಿದವುಗಳನ್ನೂ ಬಿಡುವ ಹಾಗಿಲ್ಲ. ಅವುಗಳ ಹಿಕ್ಕೆಯಿಂದ ಮುಂದಿನ ಬೇಸಿಗೆ ಕಾಡಿನ ಸಾರಂಗಗಳಿಗೂ ಹುಳು ಹತ್ತುತ್ತದೆ. ನಿಯಮ ಸರಿಯಾದದ್ದೇ. ಬರೆಯುವಾಗ ನೀಲಗಂಗಾಳೂ ಒಪ್ಪಿದ್ದಳು, ಬಿರೆತ್‌ಳೂ ಒಪ್ಪಿದ್ದಳು. ಆಜ್ಞೆಗೆ ಸ್ಥಳದ ಮುಖ್ಯ ವೈದ್ಯರ ಸಹಿ ಬೇಕಿತ್ತು. ನೀಲಗಂಗಾ ಸಹಿ ಹಾಕಿದಳು. ಅದು ಎಂದಿನಂತೆಯೇ ಚೊಕ್ಕವಾಗಿ ಬಂತು, ಅದಕ್ಕೇ ಅವಳಿಗೆ ತನ್ನ ಬಗ್ಗೆ ಹೇಸಿಗೆಯಾಯಿತು.

ಅಕ್ಟೋಬರಿನ ಒಂದು ಮಧ್ಯಾಹ್ನ ಉಳಿದವನ್ನು ಬೇಲಿಯೊಳಗೆ ತುಂಬಿದರು. ಸರಕಾರದಿಂದ ಮೂವರು ಬಂದೂಕಿನವರು ಬಂದಿದ್ದರು. ಒಬ್ಬ ಅಧಿಕಾರಿ ಪಟ್ಟಿ ಹಿಡಿದು, ಒಟ್ಟು ಎಷ್ಟು ಎಂದು ಯಾರನ್ನೋ ಕೇಳಿದ. ಬಿರೆತ್ ಬೇಲಿಯ ಬಳಿ ನಿಂತಿದ್ದಳು. ಅವಳ ಎದೆಯ ಮೇಲೂ ಬಿಲ್ಲೆಯಿತ್ತು.

ಮೊದಲ ಗುಂಡು ಹಾರಿತು. ಬಿರೆತ್ ಗಟ್ಟಿಯಾಗಿ ಏನೋ ಅಂದಳು. ನೀಲಗಂಗಾಳ ಎದೆಯ ಮೇಲಿನ ದುಭಾಷಿ ಅದನ್ನು ಪುಸ್ತಕದ ದನಿಯಲ್ಲಿ ಕನ್ನಡಿಸಿತು.

"ಒಂದು."

ಎರಡನೆಯ ಗುಂಡು. "ಎರಡು."

ಬೇಲಿಯ ಸುತ್ತ ನಿಂತಿದ್ದ ಅವಳ ಜನ ಬೆಚ್ಚಿ ತಿರುಗಿ ನೋಡಿದರು. ಅವಳ ತಮ್ಮ ಹತ್ತಿರ ಬಂದು ತೋಳು ಹಿಡಿದ, ಬೇಡವೆಂದ. ಅವಳು ಕೈ ಬಿಡಿಸಿಕೊಂಡಳು. ಎಂದೂ ಯಾರೂ ಎಣಿಸದ ಹಿಂಡನ್ನು ಅವಳು ಬಾಯಿಬಿಟ್ಟು, ಎಲ್ಲರಿಗೂ ಕೇಳುವಂತೆ ಎಣಿಸಿದಳು. ಎರಡು ಗಂಟೆ ಹಿಡಿಯಿತು. ದನಿ ಒಮ್ಮೆಯೂ ತಪ್ಪಲಿಲ್ಲ. "ಮುನ್ನೂರ ಹದಿನೇಳು" ಎಂಬಲ್ಲಿಗೆ ನಿಂತಿತು. ಅವಳ ಎದೆಯ ಮೇಲೆ ಹಸಿರು ದೀಪ ಹತ್ತಿತು. ಯಂತ್ರಕ್ಕೆ ಎಲ್ಲವೂ ತಿಳಿದಿತ್ತು.

ನೀಲಗಂಗಾ ಆಮೇಲೆ ಆ ಇನ್ನೂರ ಹನ್ನೆರಡು ವಾಕ್ಯಗಳಿಗೆ ಅರ್ಥ ಬರೆದು ಕಳಿಸಿದಳು. ಮುಂದಿನ ವರ್ಷದ ತಿದ್ದುಪಡಿಯಲ್ಲಿ ಸೇರಿಸುತ್ತೇವೆ ಎಂದು ಉತ್ತರ ಬಂತು. ಉಳಿದ ನಲವತ್ತು ಭಾಷೆಗಳಲ್ಲಿ ಇಂಥವೆಷ್ಟು ಎಂದು ಅವಳು ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಗ್ರೀನ್‌ಲ್ಯಾಂಡಿನಲ್ಲಿ ಕಸ್ತೂರಿ ಎತ್ತುಗಳು ಬದುಕಿದವು. ಅಮಾಲಿಯಾ ಕಳಿಸಿದ ಹಾಡನ್ನು ಅವಳು ತೆರೆಯಲಿಲ್ಲ.

ಕೆಂಚವ್ವ ಊರಿಗೆ ಹೊರಡಲು ನಾಲ್ಕು ದಿನವಿತ್ತು. ಹಿಟ್ಟಿನ ಚೀಲದ ತಳ ಕೆರೆದು ಕೊನೆಯ ಮೂರು ರೊಟ್ಟಿ ತಟ್ಟಿದ್ದಳು, ಪಲ್ಯ ಒಲೆಯ ಮೇಲಿತ್ತು. ನೀಲಗಂಗಾ ಕಿಟಕಿಯ ಬಳಿ ಕೂತಿದ್ದಳು. ಎದುರಿನ ಗುಡ್ಡದಲ್ಲಿ ಮೇಯುವ ಪ್ರಾಣಿ ಒಂದೂ ಇರಲಿಲ್ಲ. ಅಡುಗೆಮನೆಯಲ್ಲಿ ಡಬ್ಬಿಯ ಮುಚ್ಚಳ ತೆಗೆದ ಸದ್ದಾಯಿತು. ಚಮಚ ತಳಕ್ಕೆ ತಾಗಿತು.

ಕೆಂಚವ್ವ ಬಾಗಿಲಿಗೆ ಬಂದು ನಿಂತಳು. ಡಬ್ಬಿ ಕೈಯಲ್ಲೇ ಇತ್ತು. ಎಪ್ಪತ್ತೊಂದು ವರ್ಷದ ಬಾಯಿ ಒಮ್ಮೆ ತೆರೆದು ಮುಚ್ಚಿಕೊಂಡಿತು.

"ನೀಲಾ," ಎಂದಳು, "ಉಪ್ಪು ಇಲ್ಲ."